ಮೀನಿನ ಟ್ಯಾಂಕಿಗೆ ಎಂಟು ಕೆಜಿ ಮರಳು: ‘ಫಿಲ್ಟರ್ ಮರಳು ಕೊಡಿ’ ಅಂತ ಕೇಳುವ ಮುನ್ನ

ಕಳೆದ ವರ್ಷ ನಮ್ಮ ಮನೆಯ ಗೋಲ್ಡ್‌ಫಿಶ್ ಸತ್ತಿದ್ದು ಒಂದು ನೀಲಿ ಕಲ್ಲಿನಿಂದ.

ಎರಡನೇ ಕ್ಲಾಸಿನ ಮಗಳ ಹುಟ್ಟುಹಬ್ಬಕ್ಕೆ ಎರಡಡಿ ಉದ್ದದ ಟ್ಯಾಂಕ್ ತಂದಿದ್ದೆವು. ತಳಕ್ಕೆ ಹಾಕೋಕೆ ಅಂತ ಅಂಗಡಿಯವರೇ ನೀಲಿ ಬಣ್ಣದ ಕಲ್ಲಿನ ಮೂರು ಪೊಟ್ಟಣ ಕೊಟ್ಟಿದ್ದರು. ಕಡಲೆಕಾಳಿನಷ್ಟು ದಪ್ಪದ, ಹೊಳೆಯುವ ಕಲ್ಲುಗಳು. ನೋಡೋಕೆ ಚೆನ್ನಾಗಿಯೇ ಇದ್ದವು. ಆದರೆ ಗೋಲ್ಡ್‌ಫಿಶ್‌ ತಳದಲ್ಲಿ ಬಿದ್ದಿದ್ದನ್ನೆಲ್ಲ ಬಾಯಿಗೆ ತುಂಬಿಕೊಂಡು, ತಿನ್ನೋದನ್ನು ಇಟ್ಟುಕೊಂಡು, ಮಿಕ್ಕಿದ್ದನ್ನು ಉಗುಳುವ ಮೀನು. ಒಂದು ರಾತ್ರಿ ಕಲ್ಲು ಒಳಗೆ ಹೋಗಿದ್ದು ಹೊರಗೆ ಬರಲಿಲ್ಲ. ಬೆಳಗ್ಗೆ ಬಾಯಿ ತೆರೆದುಕೊಂಡೇ ತೇಲುತ್ತಿತ್ತು.

ಮಗಳು ಅತ್ತು ಮುಗಿಸಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು. “ಅಪ್ಪಾ, ಅದರ ಬಾಯಲ್ಲಿ ಸಿಕ್ಕಿಹಾಕ್ಕೊಳೋ ಸೈಜಿನ ಕಲ್ಲನ್ನ ನಾವ್ಯಾಕೆ ಹಾಕಿದ್ವಿ?”

ಸಿವಿಲ್ ಎಂಜಿನಿಯರಿಂಗ್ ಓದಿದವನು ನಾನು. ಲ್ಯಾಬಿನಲ್ಲಿ ಒಂದರ ಮೇಲೊಂದು ಜರಡಿ ಜೋಡಿಸಿ ಮರಳು ಅಳೆದು ಪರೀಕ್ಷೆ ಪಾಸಾದವನು. ಕೆಲಸ ಬಿಟ್ಟು ಪತ್ರಕರ್ತನಾದ ಮೇಲೆ ಮರಳು ದಂಧೆಯ ಬಗ್ಗೆ ಬರೆದವನೂ ಹೌದು. ಆದರೂ ಮನೆಯ ಟ್ಯಾಂಕಿಗೆ ಏನು ಹಾಕುತ್ತಿದ್ದೇನೆ ಅಂತ ಒಂದು ನಿಮಿಷ ಯೋಚಿಸಿರಲಿಲ್ಲ. ಆಮೇಲೆ ಯೋಚಿಸಿದ್ದನ್ನು, ಹುಡುಕಿದ್ದನ್ನು, ಮಾಡಿ ನೋಡಿದ್ದನ್ನು ಇಲ್ಲಿ ಬರೆದಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಮರಳಿನ ಸುರಕ್ಷತೆಗೂ ಅದರ ಬೆಲೆಗೂ ಸಂಬಂಧ ಕಡಿಮೆ. ಅಡುಗೆಮನೆಯ ಸಾಮಾನಿನಲ್ಲೇ ಅದನ್ನು ಪರೀಕ್ಷೆ ಮಾಡಬಹುದು.

ರವೆಯ ಲೆಕ್ಕ

ಮೊದಲು ಕಾಳಿನ ಗಾತ್ರ. ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರಿನ ಆಸುಪಾಸಿನ ಮರಳು ಹೆಚ್ಚಿನ ಮನೆ ಟ್ಯಾಂಕುಗಳಿಗೆ ಸರಿಹೋಗುತ್ತದೆ. ಸ್ಕೇಲ್ ಹಿಡಿದು ಅಳೆಯೋದು ಕಷ್ಟ, ಹಾಗಾಗಿ ರವೆಯ ಲೆಕ್ಕದಲ್ಲಿ ನೋಡಿ. ಚಿರೋಟಿ ರವೆಯಷ್ಟು ನುಣ್ಣಗಿದ್ದರೆ ಬೇಡ. ಉಪ್ಪಿಟ್ಟಿನ ರವೆಯಿಂದ ಇಡ್ಲಿ ರವೆಯವರೆಗೆ ಇದ್ದರೆ ಒಳ್ಳೆಯದು. ಸಬ್ಬಕ್ಕಿಯಷ್ಟು ದಪ್ಪವಿದ್ದರೆ ಅದು ಮರಳಲ್ಲ, ಜಲ್ಲಿ.

ತೀರಾ ನುಣ್ಣಗಿನ ಮರಳು ಮೀನು ಬಾಲ ಆಡಿಸಿದರೂ ಮೇಲೇಳುತ್ತದೆ, ಪಂಪಿನೊಳಗೆ ಹೋಗಿ ಅದನ್ನು ಸವೆಸುತ್ತದೆ, ತಳದಲ್ಲಿ ಗಟ್ಟಿಯಾಗಿ ಕೂತು ನೀರಾಡದ ಹಾಗೆ ಮಾಡುತ್ತದೆ. ದಪ್ಪ ಕಲ್ಲಿನದು ಉಲ್ಟಾ ತೊಂದರೆ. ಸಂದಿಯೊಳಗೆ ಮೀನಿನ ಆಹಾರ ಜಾರಿ ಕೊಳೆಯುತ್ತದೆ. ಜೊತೆಗೆ ನಮ್ಮ ಮನೆಯಲ್ಲಿ ಆದದ್ದು ಆಗಬಹುದು. ಸರಿಯಾದ ಗಾತ್ರದ ಮರಳನ್ನು ಗೋಲ್ಡ್‌ಫಿಶ್ ಬಾಯಿಗೆ ಹಾಕಿ, ಕಿವಿರಿನಿಂದ ಹೊರಗೆ ಬಿಡುತ್ತದೆ. ಅದಕ್ಕೆ ಅದೊಂದು ಕೆಲಸ, ನಮಗೆ ನೋಡೋಕೆ ಚಂದ.

ಎರಡನೆಯದು ಆಕಾರ. ಕೋರಿಡೋರಾಸ್, ಲೋಚ್ ಥರದ ಮೀಸೆ ಮೀನುಗಳು ಇಡೀ ದಿನ ತಳವನ್ನು ಕೆದಕುತ್ತವೆ. ಚೂಪು ಅಂಚಿನ ಕಾಳು ಅವುಗಳ ಮೀಸೆಗೆ, ಬಾಯಿಗೆ ಒಳ್ಳೆಯದಲ್ಲ. ಮೀಸೆ ಸವೆಯುವುದಕ್ಕೆ ಚೂಪು ಮರಳಿನಷ್ಟೇ ಕೊಳಕು ಮರಳೂ ಕಾರಣ ಅನ್ನೋದು ನೆನಪಿರಲಿ. ಗಪ್ಪಿ, ಮೋಲಿಯಂಥ ಮೇಲಿನ ನೀರಿನಲ್ಲೇ ಓಡಾಡುವ ಮೀನುಗಳಿಗೆ ಈ ಚಿಂತೆ ಅಷ್ಟಿಲ್ಲ.

ಮೂರನೆಯದು ರಾಸಾಯನಿಕ ಗುಣ. ಬೆಣಚುಕಲ್ಲಿನ, ಅಂದರೆ ಕ್ವಾರ್ಟ್ಜ್ ಮರಳು ನೀರಿನ ಜೊತೆ ಯಾವ ತಂಟೆಗೂ ಹೋಗಲ್ಲ. ಸುಣ್ಣದ ಅಂಶ ಇರುವ ಮರಳು ಹಾಗಲ್ಲ. ಅದು ನಿಧಾನಕ್ಕೆ ಕರಗಿ ನೀರನ್ನು ಗಡಸು ಮಾಡುತ್ತದೆ, ಪಿಎಚ್ ಏರಿಸುತ್ತದೆ. ಇದು ವಿಷ ಅಂತಲ್ಲ. ಆಫ್ರಿಕಾದ ಮಲಾವಿ, ಟ್ಯಾಂಗನಿಕಾ ಸರೋವರಗಳ ಸಿಕ್ಲಿಡ್ ಮೀನುಗಳಿಗೆ ಅಂಥ ನೀರೇ ಬೇಕು. ಮೋಲಿಗೂ ಆಗಬಹುದು. ಆದರೆ ನಿಯಾನ್ ಟೆಟ್ರಾ, ಡಿಸ್ಕಸ್‌ನಂಥ ಮೆದು ನೀರಿನ ಮೀನುಗಳಿಗೆ ಆಗದು. ನಿಮ್ಮದು ಬೋರ್‌ವೆಲ್ ನೀರಾಗಿ, ಅದು ಮೊದಲೇ ಗಡಸಾಗಿದ್ದರೆ, ಮೇಲಿಂದ ಸುಣ್ಣದ ಮರಳನ್ನೂ ಹಾಕಿ ಹೊರೆ ಹೆಚ್ಚಿಸುವುದು ಯಾಕೆ?

ಎಲ್ಲಿಂದ ತರಬಾರದು

ಮರಳು ಅಂದಾಗ ಮೊದಲು ಕಣ್ಣಿಗೆ ಬೀಳೋದು ಪಕ್ಕದ ಸೈಟಿನ ಮುಂದಿರುವ ರಾಶಿ. ಒಂದು ಬಕೆಟ್ ಕೇಳಿದರೆ ಮೇಸ್ತ್ರಿ ಇಲ್ಲ ಅನ್ನಲ್ಲ. ಆದರೆ ಬೀದಿಯ ರಾಶಿಗೆ ಬೆಕ್ಕು, ನಾಯಿ ದಿನಾ ಬಂದು ಹೋಗಿರುತ್ತವೆ. ಗುಟ್ಕಾ ಉಗುಳಿರುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ ಸಿಮೆಂಟ್ ಬೆರೆತಿರುತ್ತದೆ. ಸಿಮೆಂಟಿನ ಪುಡಿ ನೀರಿನ ಪಿಎಚ್ ಅನ್ನು ಜೋರಾಗಿ ಏರಿಸುತ್ತದೆ. ಚಿಕ್ಕ ಟ್ಯಾಂಕಿನ ಮೀನಿಗೆ ಅದು ಮಾರಕ.

ರಾಶಿ ಶುದ್ಧವಾಗಿಯೇ ಇದೆ ಅಂದುಕೊಳ್ಳಿ. ಇವತ್ತು ಅದು ಬಹುಪಾಲು ಎಂ ಸ್ಯಾಂಡ್, ಅಂದರೆ ಕಲ್ಲು ಒಡೆದು ಮಾಡಿದ ಮರಳು. ನಮ್ಮ ಕಡೆಯದು ಹೆಚ್ಚಾಗಿ ಗ್ರಾನೈಟ್ ಜಾತಿಯ ಕಲ್ಲಾದ್ದರಿಂದ ರಾಸಾಯನಿಕವಾಗಿ ಗಲಾಟೆ ಇಲ್ಲ. ಗಲಾಟೆ ಇರೋದು ಧೂಳಿನಲ್ಲಿ. ಕಟ್ಟಡದ ಮರಳಿಗೆ ಇರುವ ಭಾರತೀಯ ಮಾನಕ ಐಎಸ್ 383. ಅದರ ಪ್ರಕಾರ 75 ಮೈಕ್ರಾನ್‌ಗಿಂತ ಸಣ್ಣ ಪುಡಿ ಸಹಜ ಮರಳಿನಲ್ಲಿ ತೂಕದ ಶೇ. 3ರಷ್ಟು ಮಾತ್ರ ಇರಬಹುದು. ಒಡೆದ ಮರಳಿನಲ್ಲಿ ಶೇ. 15ರವರೆಗೂ ಇರಬಹುದು. ಕಾಂಕ್ರೀಟಿಗೆ ಈ ಪುಡಿಯಿಂದ ಅನುಕೂಲವೂ ಇದೆ. ಮೀನಿಗೆ ಇಲ್ಲ. ಹತ್ತು ಕೆಜಿ ಎಂ ಸ್ಯಾಂಡ್ ತಂದರೆ ಅದರಲ್ಲಿ ಒಂದೂವರೆ ಕೆಜಿಯವರೆಗೆ ನೀರನ್ನು ಹಾಲು ಮಾಡುವ ಹಿಟ್ಟೇ ಇರಬಹುದು ಅಂತಾಯಿತು. ಕಾಳಿನ ಅಂಚೂ ಚೂಪು. ಪ್ಲಾಸ್ಟರಿಂಗಿಗೆ ಬಳಸುವ ಪಿ ಸ್ಯಾಂಡ್ ಇನ್ನೂ ನುಣ್ಣಗಿರುತ್ತದೆ.

ಎಂ ಸ್ಯಾಂಡ್ ತೊಳೆದು ಬಳಸುವವರು ಇದ್ದಾರೆ, ಮೀನುಗಳು ಬದುಕಿವೆ ಕೂಡ. ಆದರೆ ಅದು ತಿಳಿಯಾಗೋಕೆ ಬಕೆಟ್‌ಗಟ್ಟಲೆ ನೀರು ಸುರಿಯಬೇಕು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿದ್ದು ನೆನಪಿದೆಯಲ್ಲ? ಟ್ಯಾಂಕರ್ ನೀರು ಕೊಳ್ಳುವ ಮನೆಯಲ್ಲಿ ಪುಕ್ಕಟೆ ಮರಳು ಪುಕ್ಕಟೆಯಾಗಿ ಉಳಿಯಲ್ಲ.

ಸಮುದ್ರದ ಮರಳು? ಮಲ್ಪೆಗೋ ಗೋಕರ್ಣಕ್ಕೋ ಹೋದಾಗ ಒಂದು ಚೀಲ ತುಂಬಿಕೊಳ್ಳೋಣ ಅನ್ನಿಸುತ್ತದೆ. ಅದರಲ್ಲಿ ಉಪ್ಪಿದೆ. ಅದನ್ನು ತೊಳೆಯಬಹುದು. ಆದರೆ ಕಪ್ಪೆಚಿಪ್ಪಿನ ಚೂರುಗಳೂ ಇರುತ್ತವೆ, ಅಂದರೆ ಸುಣ್ಣ. ತೊಳೆದರೆ ಅದು ಹೋಗಲ್ಲ. ಮೇಲಾಗಿ ಕರಾವಳಿ ನಿಯಂತ್ರಣ ವಲಯದಲ್ಲಿ ಮರಳು ತೆಗೆಯೋದಕ್ಕೆ ನಿಷೇಧವಿದೆ. ಚೀಲ ಚಿಕ್ಕದು ನಿಜ. ಆದರೂ ಬೇಡ.

ಬಣ್ಣದ ಮರಳು, ಬಣ್ಣದ ಕಲ್ಲು: ಇವುಗಳ ಮೇಲಿನ ಲೇಪ ಗಟ್ಟಿಯಾಗಿದ್ದರೆ ತೊಂದರೆ ಇಲ್ಲ, ಆದರೆ ಗಟ್ಟಿಯಾಗಿದೆಯೋ ಇಲ್ಲವೋ ಪೊಟ್ಟಣದ ಮೇಲೆ ಬರೆದಿರಲ್ಲ. ರಂಗೋಲಿಯ ಬಣ್ಣದ ಪುಡಿಯನ್ನಂತೂ ಯಾವ ಕಾರಣಕ್ಕೂ ಹಾಕಬೇಡಿ. ಫೌಂಡ್ರಿಯಲ್ಲಿ ಬಳಸಿ ಬಿಸಾಡಿದ ಮರಳು ಬೆಳಗಾವಿಯಂಥ ಊರುಗಳಲ್ಲಿ ಸುಲಭಕ್ಕೆ ಸಿಗಬಹುದು. ಅದರಲ್ಲಿ ಅಂಟು, ರಾಳ, ಲೋಹದ ಚೂರು ಉಳಿದಿರುತ್ತವೆ. ಕಬ್ಬಿಣದ ತುಕ್ಕು ಉಜ್ಜೋಕೆ ಬಳಸುವ ಬ್ಲಾಸ್ಟಿಂಗ್ ಪುಡಿಯಲ್ಲಿ ಕೆಲವು ತಾಮ್ರದ ಕಿಟ್ಟದಿಂದ ಮಾಡಿದವು. ಸಿಗಡಿ, ಬಸವನಹುಳುಗಳಿಗೆ ತಾಮ್ರ ವಿಷ.

ಒಂದೇ ಹೆಸರು, ಎರಡು ಮರಳು

ಹಾಗಾದರೆ ಏನು ತರೋದು? ನನಗೆ ಉತ್ತರ ಸಿಕ್ಕಿದ್ದು ನಮ್ಮ ಅಪಾರ್ಟ್‌ಮೆಂಟಿನ ಪಂಪ್ ರೂಮಿನಲ್ಲಿ. ಬೋರ್‌ವೆಲ್ ನೀರು ಶುದ್ಧ ಮಾಡೋಕೆ ಅಲ್ಲಿ ಪ್ರೆಷರ್ ಸ್ಯಾಂಡ್ ಫಿಲ್ಟರ್ ಇದೆ. ಸಿಲಿಂಡರಿನ ಹೊಟ್ಟೆಯೊಳಗೆ ಇರೋದು ಜರಡಿ ಹಿಡಿದು ಒಂದೇ ಗಾತ್ರಕ್ಕೆ ಆರಿಸಿದ ಬೆಣಚು ಮರಳು. ಈಜುಕೊಳದ ಫಿಲ್ಟರಿನಲ್ಲೂ ಇದೇ, ಊರಿಗೆ ನೀರು ಕೊಡುವ ಶುದ್ಧೀಕರಣ ಘಟಕದಲ್ಲೂ ಇದರ ಅಣ್ಣತಮ್ಮಂದಿರೇ. ಯೋಚಿಸಿ ನೋಡಿ, ನಮಗೆ ಬೇಕಾದ್ದೂ ಇದೇ ತಾನೆ? ನೀರಿನಲ್ಲಿ ವರ್ಷಗಟ್ಟಲೆ ಕೂತರೂ ಕರಗಬಾರದು, ಧೂಳು ಬಿಡಬಾರದು, ಕಾಳು ಒಂದೇ ಸಮ ಇರಬೇಕು.

ಫಿಲ್ಟರಿನ ಮರಳು ಬದಲಾಯಿಸೋಕೆ ಬಂದಿದ್ದ ಪ್ಲಂಬರ್ ಅಣ್ಣನ ಬಳಿ ಹೊಸ ಚೀಲದಲ್ಲಿ ಕಾಲುಭಾಗ ಉಳಿದಿತ್ತು. ಟೀ ಕುಡಿಸಿ ಕೇಳಿದೆ, ಕೊಟ್ಟರು. ಹಾಗೆ ಸಿಗದಿದ್ದರೆ ವಾಟರ್ ಟ್ರೀಟ್‌ಮೆಂಟ್ ಸಾಮಾನು ಮಾರುವ ಅಂಗಡಿಯಲ್ಲಿ ಚೀಲದ ಲೆಕ್ಕದಲ್ಲಿ ಸಿಗುತ್ತದೆ. ಕೆಜಿ ಲೆಕ್ಕ ಹಾಕಿದರೆ ಅಕ್ವೇರಿಯಂ ಅಂಗಡಿಯ ಪುಟ್ಟ ಪೊಟ್ಟಣಕ್ಕಿಂತ ಎಷ್ಟೋ ಅಗ್ಗ. ಒಂದು ಚೀಲ ಮೂರ್ನಾಲ್ಕು ಮನೆಗೆ ಆಗುತ್ತದೆ, ಗೆಳೆಯರ ಜೊತೆ ಹಂಚಿಕೊಳ್ಳಿ. ಎರಡು ಎಚ್ಚರಿಕೆ: ಫಿಲ್ಟರಿನಿಂದ ತೆಗೆದ ಹಳೇ ಮರಳು ಬೇಡ. ಅದು ಇಷ್ಟು ದಿನ ಹಿಡಿದಿಟ್ಟುಕೊಂಡ ಕಬ್ಬಿಣ, ಕೊಳೆ ಎಲ್ಲ ಅದರಲ್ಲೇ ಇರುತ್ತದೆ. ಅದೇ ಅಂಗಡಿಯಲ್ಲಿ ಕಬ್ಬಿಣ ತೆಗೆಯುವ ಕಪ್ಪು ಹರಳು, ಗಡಸು ತೆಗೆಯುವ ರೆಸಿನ್ ಕೂಡ ಇರುತ್ತವೆ. ಕೇಳುವಾಗ ‘ಸಿಲಿಕಾ ಸ್ಯಾಂಡ್, ಫಿಲ್ಟರ್ ಮೀಡಿಯಾ’ ಅಂತ ಸ್ಪಷ್ಟವಾಗಿ ಕೇಳಿ.

ಸ್ಪಷ್ಟವಾಗಿ ಅಂತ ಒತ್ತಿ ಹೇಳೋಕೆ ಇನ್ನೊಂದು ಕಾರಣವಿದೆ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕಡೆ ‘ಫಿಲ್ಟರ್ ಮರಳು’ ಅಂದರೆ ಅರ್ಥವೇ ಬೇರೆ. ಕೆರೆಯಂಗಳದ, ಹೊಲದ ಮಣ್ಣನ್ನು ಅಗೆದು, ಬೋರ್‌ವೆಲ್ ನೀರು ಹಾಯಿಸಿ ಜೇಡಿ ತೊಳೆದು, ತಳದಲ್ಲಿ ಉಳಿದದ್ದನ್ನು ಮರಳು ಅಂತ ಮಾರುವ ಅಕ್ರಮ ದಂಧೆ ಅದು. ನದಿಯೇ ಇಲ್ಲದ ಊರಿನಿಂದ ಲಾರಿಗಟ್ಟಲೆ ಮರಳು ಬರುತ್ತಿದ್ದುದು ಹೀಗೆ. ಹೊಲದ ಮೇಲ್ಮಣ್ಣು ಹೋಯಿತು, ಕೆರೆ ಹೊಂಡವಾಯಿತು, ಕುಡಿಯೋಕೇ ಇಲ್ಲದ ಅಂತರ್ಜಲ ಮರಳು ತೊಳೆಯೋಕೆ ಖರ್ಚಾಯಿತು. ಇಷ್ಟೆಲ್ಲ ಆಗಿ ಬಂದ ಮರಳಿನಲ್ಲಿ ಜೇಡಿ ಇದ್ದೇ ಇರುತ್ತದೆ. ಮನೆ ಕಟ್ಟೋಕೂ ಒಳ್ಳೆಯದಲ್ಲ, ಮೀನಿಗೂ ಒಳ್ಳೆಯದಲ್ಲ. ಮರಳು ಮಾರುವವರ ಹತ್ತಿರ ಹೋಗಿ ‘ಫಿಲ್ಟರ್ ಮರಳು’ ಅಂತ ಕೇಳಿದರೆ ನಿಮಗೆ ಇದೇ ಸಿಗಬಹುದು.

ನದಿ ಮರಳಿನ ಮಾತೂ ಇಲ್ಲೇ ಹೇಳಬೇಕು. ಗುಂಡಗಿನ, ನೀರಿನಲ್ಲಿ ಉರುಳಿ ನಯವಾದ ನದಿ ಮರಳು ಮೀನಿಗೆ ಒಳ್ಳೆಯದೇ, ಸುಳ್ಳು ಹೇಳಲ್ಲ. ಎಂಟು ಕೆಜಿ ತೆಗೆದರೆ ಕಾವೇರಿ ಬತ್ತಲ್ಲ, ಅದೂ ನಿಜ. ವಿಶ್ವಸಂಸ್ಥೆಯ ಪರಿಸರ ವಿಭಾಗದ 2022ರ ವರದಿಯ ಪ್ರಕಾರ ಜಗತ್ತು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಮರಳು-ಜಲ್ಲಿ ಬಳಸುತ್ತದೆ. ಅದರಲ್ಲಿ ಅಕ್ವೇರಿಯಂ ಇಟ್ಟವರ ಪಾಲು ಲೆಕ್ಕಕ್ಕೇ ಇಲ್ಲ. ನದಿಯ ಹೊಟ್ಟೆ ಬಗೆದದ್ದು ಟ್ಯಾಂಕ್ ಅಲ್ಲ, ಟ್ಯಾಂಕ್ ಇರುವ ಮನೆ. ಚಿಕ್ಕ ಚಿಕ್ಕ ಗುತ್ತಿಗೆಗಳಾಗಿ ತುಂಡು ಮಾಡಿ ಪರಿಸರ ಅನುಮತಿಯಿಂದ ತಪ್ಪಿಸಿಕೊಳ್ಳುವುದು ನಡೆಯುತ್ತಿದ್ದುದರಿಂದಲೇ, ಐದು ಹೆಕ್ಟೇರಿಗಿಂತ ಸಣ್ಣ ಗಣಿಗೂ ಅನುಮತಿ ಬೇಕು ಅಂತ ಸುಪ್ರೀಂ ಕೋರ್ಟ್ 2012ರ ಫೆಬ್ರುವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಹೇಳಿದ್ದು. ಹಾಗಾಗಿ ನದಿ ಮರಳು ಬೇಡ ಅಂತ ನಾನು ಹೇಳುವುದು ನದಿಯನ್ನು ಉಳಿಸಿಬಿಡುತ್ತೇವೆ ಅನ್ನೋ ಭ್ರಮೆಯಿಂದ ಅಲ್ಲ. ಅದಕ್ಕಿಂತ ಚೊಕ್ಕಟವಾದ ಮರಳು ಅಂಗಡಿಯಲ್ಲೇ ಸಿಗುವಾಗ, ಚರಂಡಿ ನೀರು, ಗದ್ದೆಯ ಕೀಟನಾಶಕ ಏನೇನು ಬೆರೆತಿದೆಯೋ ಗೊತ್ತಿಲ್ಲದ ದಡದಿಂದ ತರುವ ಅಗತ್ಯ ಇಲ್ಲ, ಅಷ್ಟೇ.

ಅಡುಗೆಮನೆಯ ಮೂರು ಪರೀಕ್ಷೆ

ಎಲ್ಲಿಂದಲೇ ತನ್ನಿ, ಟ್ಯಾಂಕಿಗೆ ಹಾಕುವ ಮುಂಚೆ ಈ ಮೂರನ್ನು ಮಾಡಿ.

ಒಂದು, ವಿನೆಗರ್. ಎರಡು ಚಮಚ ಒಣ ಮರಳನ್ನು ಗಾಜಿನ ಲೋಟಕ್ಕೆ ಹಾಕಿ, ಮುಳುಗುವಷ್ಟು ವಿನೆಗರ್ ಸುರಿಯಿರಿ. ಪಕ್ಕದ ಲೋಟದಲ್ಲಿ ಮೊಟ್ಟೆಯ ಚಿಪ್ಪಿನ ಚೂರಿಗೂ ಹಾಗೇ ಮಾಡಿ. ಚಿಪ್ಪಿನ ಮೇಲೆ ಗುಳ್ಳೆ ಏಳುತ್ತವೆ, ಅದು ಸುಣ್ಣದ ಗುರುತು. ಮರಳಿನಲ್ಲೂ ಅಂಥ ಗುಳ್ಳೆ ಏಳುತ್ತಲೇ ಇದ್ದರೆ ಸುಣ್ಣವಿದೆ ಅಂತ. ಮೊದಲು ಸುರಿದಾಗ ಏಳುವ ನಾಲ್ಕು ಗುಳ್ಳೆ ಬರೀ ಗಾಳಿ, ಗಾಬರಿ ಬೇಡ. ಕಲಬುರಗಿ ಕಡೆಯ ಓದುಗರಿಗೆ ಈ ಪರೀಕ್ಷೆ ಇನ್ನೂ ಮುಖ್ಯ. ಶಹಾಬಾದ್ ಕಲ್ಲು ಸುಣ್ಣದಕಲ್ಲು, ಅಲ್ಲಿನ ಹಳ್ಳಕೊಳ್ಳದ ಮರಳಿನಲ್ಲಿ ಅದರ ಚೂರು ಇರಬಹುದು. ವಿನೆಗರ್ ಬದಲಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಬಳಸುವ ಸಾಹಸ ಮಾತ್ರ ಮಾಡಬೇಡಿ.

ಎರಡು, ಬಾಟಲಿ. ಪಾರದರ್ಶಕ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮರಳು, ಮೇಲೆ ನೀರು, ಒಂದು ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಮೂರು ಗಂಟೆ ಬಿಡಿ. ಮರಳು ಕೆಳಗೆ, ಹೂಳು ಅದರ ಮೇಲೆ ತೆಳು ಪದರವಾಗಿ ಕೂರುತ್ತದೆ. ಸೈಟ್ ಎಂಜಿನಿಯರುಗಳು ಮಾಡುವುದೂ ಇದನ್ನೇ. ಪದರ ದಪ್ಪವಿದ್ದರೆ, ಮೇಲಿನ ನೀರು ಇನ್ನೂ ಬಗ್ಗಡವಾಗಿಯೇ ಇದ್ದರೆ, ಆ ಮರಳನ್ನು ತೊಳೆಯೋಕೆ ಎಷ್ಟು ನೀರು ಬೇಕು ಅಂತ ನಿಮಗೇ ಗೊತ್ತಾಗುತ್ತದೆ.

ಮೂರು, ಬಿಳಿ ಬಟ್ಟಲು. ಬಣ್ಣದ ಮರಳಾದರೆ ಬಿಸಿನೀರಿನಲ್ಲಿ ಎರಡು ದಿನ ನೆನೆಹಾಕಿ. ನೀರಿಗೆ ಬಣ್ಣ ಬಂದರೆ, ಎಣ್ಣೆ ಪಸೆ ತೇಲಿದರೆ, ವಾಸನೆ ಬಂದರೆ ವಾಪಸ್ ಕೊಡಿ. ಉಳಿದ ಮರಳಿಗೂ ಎಣ್ಣೆ, ವಾಸನೆಯ ಈ ಪರೀಕ್ಷೆ ಮಾಡಬಹುದು. ಕೊನೆಗೆ ಒಂದು ಹಿಡಿ ಒದ್ದೆ ಮರಳನ್ನು ಅಂಗೈಯಲ್ಲಿ ಮೆಲ್ಲಗೆ ಉಜ್ಜಿ ನೋಡಿ. ನಿಮಗೆ ಚುಚ್ಚಿದರೆ ಮೀಸೆ ಮೀನಿಗೂ ಚುಚ್ಚುತ್ತದೆ.

ಎಷ್ಟು, ಹೇಗೆ

ಲೆಕ್ಕ ಸುಲಭ. ಉದ್ದ, ಅಗಲ, ಮರಳಿನ ಆಳ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ, 1,000ದಿಂದ ಭಾಗಿಸಿ, 1.5ರಿಂದ ಗುಣಿಸಿ. ಸಿಗೋದು ಹೆಚ್ಚುಕಡಿಮೆ ಕೆಜಿ. ಎರಡಡಿ ಉದ್ದ, ಒಂದಡಿ ಅಗಲದ ಟ್ಯಾಂಕಿಗೆ, ಅಂದರೆ ಸುಮಾರು 60 ಮತ್ತು 30 ಸೆಂಟಿಮೀಟರಿಗೆ, ಮೂರು ಸೆಂಟಿಮೀಟರ್ ಆಳಕ್ಕೆ ಎಂಟು ಕೆಜಿ ಸಾಕು. ಬೇರು ಬಿಡುವ ಗಿಡ ನೆಡೋದಾದರೆ ಐದು ಸೆಂಟಿಮೀಟರ್‌ವರೆಗೆ ಹೋಗಬಹುದು. ಅದಕ್ಕಿಂತ ಆಳ ಬೇಡ. ತಳದಲ್ಲಿ ಆಮ್ಲಜನಕ ಇಲ್ಲದೆ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುವ ಸಾಧ್ಯತೆ ಆಳ ಹೆಚ್ಚಿದಷ್ಟೂ ಹೆಚ್ಚು. ವಾರಕ್ಕೊಮ್ಮೆ ಒಂದು ಕಡ್ಡಿಯಿಂದ ಮೆಲ್ಲಗೆ ಕೆದಕಿದರೆ ಸಾಕು.

ನಿಮ್ಮ ಟ್ಯಾಂಕಿನಲ್ಲಿ ಅಂಡರ್‌ಗ್ರಾವೆಲ್ ಫಿಲ್ಟರ್, ಅಂದರೆ ತಳದಲ್ಲಿ ತೂತುಗಳ ಪ್ಲೇಟ್ ಇದ್ದರೆ ಮರಳು ಹಾಕಲೇಬೇಡಿ. ಅದರ ತೂತಿನೊಳಗೆ ಮರಳು ಇಳಿದು ಕಟ್ಟಿಕೊಳ್ಳುತ್ತದೆ.

ತೊಳೆಯುವಾಗ ಸೋಪು, ಡಿಟರ್ಜೆಂಟ್ ಹತ್ತಿರವೂ ತರಬೇಡಿ. ಬಕೆಟಿನ ಮೂರನೇ ಒಂದು ಭಾಗದಷ್ಟು ಮರಳು ಹಾಕಿ, ನೀರು ಬಿಟ್ಟು, ಅಕ್ಕಿ ತೊಳೆದ ಹಾಗೆ ಕೈಯಾಡಿಸಿ ಬಗ್ಗಿಸಿ. ನೀರು ತಿಳಿಯಾಗುವವರೆಗೆ ಮಾಡಿ. ಒಣ ಸಿಲಿಕಾ ಮರಳನ್ನು ಎತ್ತಿ ಸುರಿಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮೊದಲು ಒದ್ದೆ ಮಾಡಿ, ಮಕ್ಕಳನ್ನು ಆಮೇಲೆ ಕರೆಯಿರಿ. ತೊಳೆದ ನೀರನ್ನು ಸಿಂಕಿಗೆ ಬಿಟ್ಟರೆ ಪೈಪ್ ಕಟ್ಟುತ್ತದೆ, ಗಿಡಕ್ಕೆ ಹಾಕಿ. ಟ್ಯಾಂಕಿಗೆ ಮರಳು ಹರಡಿದ ಮೇಲೆ ಒಂದು ತಟ್ಟೆ ಇಟ್ಟು, ತಟ್ಟೆಯ ಮೇಲೆ ನಿಧಾನಕ್ಕೆ ನೀರು ಸುರಿಯಿರಿ. ಮರಳು ಕೂರುವವರೆಗೆ ಪಂಪ್ ಆಫ್ ಇರಲಿ.

ಮೊದಲ ವಾರಗಳಲ್ಲಿ ಮರಳಿನ ಮೇಲೆ ಕಂದು ಪಾಚಿ ಬಂದರೆ ಸಿಲಿಕಾ ಮರಳನ್ನು ಬೈಯಬೇಡಿ. ಹೊಸ ಟ್ಯಾಂಕುಗಳಲ್ಲಿ ಅದು ಸಾಮಾನ್ಯ, ತಾನಾಗಿ ಹೋಗುತ್ತದೆ.

ಮರಳಿನ ತಪ್ಪಲ್ಲದ್ದು

ಒಂದು ಮಾತು ಹೇಳದಿದ್ದರೆ ಈ ಲೇಖನ ಅರ್ಧ ಸುಳ್ಳಾಗುತ್ತದೆ. ಹೊಸ ಟ್ಯಾಂಕಿನಲ್ಲಿ ಸಾಯುವ ಮೀನುಗಳಲ್ಲಿ ಹೆಚ್ಚಿನವು ಸಾಯೋದು ಮರಳಿನಿಂದ ಅಲ್ಲ, ಅವಸರದಿಂದ. ಮೀನಿನ ಕಸದಿಂದ ಅಮೋನಿಯಾ ಹುಟ್ಟುತ್ತದೆ. ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ, ಮರಳಿನ ಮೇಲೆ ನೆಲೆಯೂರೋಕೆ ನಾಲ್ಕರಿಂದ ಆರು ವಾರ ಬೇಕು. ಇವತ್ತು ಟ್ಯಾಂಕ್ ತಂದು ಇವತ್ತೇ ಆರು ಮೀನು ಬಿಟ್ಟರೆ ಯಾವ ಮರಳೂ ಕಾಪಾಡಲ್ಲ. ಒಮ್ಮೆ ನೆಲೆಯೂರಿದ ಮೇಲೆ, ಕ್ಲೀನ್ ಮಾಡುವ ಉತ್ಸಾಹದಲ್ಲಿ ಮರಳನ್ನೆಲ್ಲ ತೆಗೆದು ಕ್ಲೋರಿನ್ ನೀರಿನಲ್ಲಿ ತೊಳೆಯಲೂಬಾರದು. ಆ ಬ್ಯಾಕ್ಟೀರಿಯಾ ಸತ್ತು ಕತೆ ಮೊದಲಿನಿಂದ ಶುರು.

ಮರಳು ಹಾಕದೆಯೂ ಇರಬಹುದು. ಮರಿ ಮಾಡಿಸುವವರು ಬರೀ ಗಾಜಿನ ತಳದಲ್ಲೇ ಮೀನು ಸಾಕುತ್ತಾರೆ. ಅದಕ್ಕಿಂತ ಅಗ್ಗ, ಅದಕ್ಕಿಂತ ಸುರಕ್ಷಿತ ಇನ್ನೊಂದಿಲ್ಲ. ತಳ ಕೆದಕುವ ಮೀನು ತರೋದಾದರೆ ಮಾತ್ರ ಅದಕ್ಕೆ ಮರಳು ಬೇಕು. ಅದು ಅದರ ಹುಟ್ಟುಗುಣ.

ನಾವು ನೀಲಿ ಕಲ್ಲುಗಳನ್ನು ತೆಗೆದು, ಪಂಪ್ ರೂಮಿನ ಮರಳನ್ನು ಹಾಕಿ, ಐದು ವಾರ ಖಾಲಿ ನೀರನ್ನೇ ಓಡಿಸಿದೆವು. ಆ ದಿನಗಳಲ್ಲಿ ಟ್ಯಾಂಕಿಗೆ ಚಿಟಿಕೆಯಷ್ಟು ಮೀನಿನ ಆಹಾರ ಹಾಕೋದು ಮಗಳ ಕೆಲಸ. “ಮೀನೇ ಇಲ್ಲ, ಊಟ ಯಾರಿಗೆ?” ಅಂತ ನೆಂಟರು ನಗುತ್ತಿದ್ದರು. “ಬ್ಯಾಕ್ಟೀರಿಯಾಗೆ” ಅನ್ನುತ್ತಿದ್ದಳು. ಈಗ ಒಂದೇ ಒಂದು ಗೋಲ್ಡ್‌ಫಿಶ್ ಇದೆ. ಬೆಳೆದಂತೆ ಅದಕ್ಕೆ ದೊಡ್ಡ ಟ್ಯಾಂಕೇ ಬೇಕಾಗುತ್ತದೆ, ಅದು ಮುಂದಿನ ಖರ್ಚು. ಸದ್ಯಕ್ಕೆ ಬೆಳಗ್ಗೆ ಲೈಟ್ ಹಾಕಿದ ಕೂಡಲೇ ತಳಕ್ಕೆ ಹೋಗಿ ಬಾಯಿತುಂಬ ಮರಳು ತುಂಬಿಕೊಳ್ಳುತ್ತದೆ. ಕಿವಿರಿನಿಂದ ಅದು ಹೊರಗೆ ಬರುವವರೆಗೆ ಮಗಳೂ ನಾನೂ ಉಸಿರು ಬಿಗಿಹಿಡಿದು ನೋಡುತ್ತಿರುತ್ತೇವೆ.